ಜೆಟ್ಟಿ ಒಂದೇ, ಗಾಳದವರಿಗೂ ಈಜುವವರಿಗೂ ಹೊತ್ತು ಹಂಚಿಕೊಟ್ಟರೆ ಸಾಲದೇ?

ಓದುಗರ ಪ್ರಶ್ನೆ: ನಮ್ಮೂರಿನ ಅಳಿವೆಯ ಬಳಿಯ ಜೆಟ್ಟಿಗೆ ಬೆಳಗ್ಗೆಯೂ ಸಂಜೆಯೂ ಗಾಳ ಹಾಕುವವರು ಬರುತ್ತಾರೆ. ಅದೇ ಜಾಗದಲ್ಲಿ ಹುಡುಗರು ನೀರಿಗೆ ಹಾರಿ ಈಜುತ್ತಾರೆ. ದಿನವೂ ಮಾತಿಗೆ ಮಾತು ಬೆಳೆಯುತ್ತಿದೆ. ಬೆಳಗ್ಗೆ ಗಾಳದವರಿಗೆ, ಸಂಜೆ ಈಜುವವರಿಗೆ ಎಂದು ಪಂಚಾಯತಿನವರು ಹೊತ್ತು ಗೊತ್ತುಮಾಡಿದರೆ ಸಾಲದೇ?

ಉತ್ತರ: ಸಾಲದು. ಮಂಜೇಶ್ವರದ ಕಡೆಯಿಂದಲೂ ಕುಂಬಳೆ, ಕಾಸರಗೋಡಿನ ಕಡೆಯಿಂದಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ನಾನೂ ಇದೇ ಉತ್ತರವನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ. ಆದುದರಿಂದ ಈ ಸಲ ಕಾರಣಗಳನ್ನೆಲ್ಲ ಒಂದೇ ಕಡೆ ಬರೆದಿಡುತ್ತೇನೆ. ಗಾಳ ಮತ್ತು ಈಜು ಇವೆರಡನ್ನು ಬೇರೆ ಮಾಡಬೇಕಾದದ್ದು ಗಡಿಯಾರದಿಂದಲ್ಲ, ಜಾಗದಿಂದ.

ಹೊತ್ತಿನ ಹಂಚಿಕೆ ಏಕೆ ನಿಲ್ಲುವುದಿಲ್ಲ ಎಂಬುದನ್ನು ಗಾಳ ಹಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ. ಮೀನು ಗಾಳಕ್ಕೆ ಬೀಳುವುದು ನೀರಿನ ಏರಿಳಿತವನ್ನು ನೋಡಿಕೊಂಡೇ ಹೊರತು ಪಂಚಾಯತಿನ ವೇಳಾಪಟ್ಟಿಯನ್ನು ನೋಡಿಕೊಂಡಲ್ಲ. ಭರತ, ಅಂದರೆ ಕಡಲಿನ ನೀರಿನ ಏರಿಕೆ, ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ, ಈ ಸೋಮವಾರ ಬೆಳಗ್ಗೆ ಆರು ಗಂಟೆಗೆ ಇದ್ದ ಭರತ ಮುಂದಿನ ಸೋಮವಾರಕ್ಕೆ ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೆ ಬಂದು ನಿಂತಿರುತ್ತದೆ. ಗೊತ್ತುಮಾಡಿದ ಹೊತ್ತಿನಲ್ಲಿ ಮೀನು ಸಿಗದ ವಾರ ಗಾಳದವರು ಆ ನಿಯಮವನ್ನು ಮುರಿದೇ ಮುರಿಯುತ್ತಾರೆ. ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿಯಾದದ್ದು: ಗಾಳದವರು ಮನೆಗೆ ಹೋದರೂ ಗಾಳಗಳೆಲ್ಲ ಅವರೊಡನೆ ಹೋಗುವುದಿಲ್ಲ. ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡು ತುಂಡಾದ ನೈಲಾನ್ ದಾರ, ಅದರ ತುದಿಯಲ್ಲಿ ಉಳಿದ ಕೊಕ್ಕೆ, ಸೀಸದ ಗುಂಡು ಇವೆಲ್ಲ ನೀರಿನಡಿಯಲ್ಲೇ ಇರುತ್ತವೆ. ಸಂಜೆ ಹಾರುವ ಹುಡುಗನ ಕಾಲಿಗೆ ಚುಚ್ಚುವುದು ಬೆಳಗ್ಗೆ ಬಿಟ್ಟುಹೋದ ಗಾಳವೇ.

ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಅಡಗಿದೆ, ನನಗೆ ಹೆಚ್ಚು ಆತಂಕವಿರುವುದು ಅದರ ಬಗ್ಗೆ. ಜೆಟ್ಟಿಯ ಬದಿಯ, ಕಲ್ಲಿನ ತಡೆಗೋಡೆಯ ಪಕ್ಕದ ನೀರು ತೆರೆಯಿಲ್ಲದೆ ಶಾಂತವಾಗಿರುತ್ತದೆ, ಹಿಡಿದುಕೊಳ್ಳಲು ಕಲ್ಲೋ ಕಂಬವೋ ಇರುತ್ತದೆ, ಆದುದರಿಂದ ಕಡಪ್ಪುರದಲ್ಲಿ, ಅಂದರೆ ಕಡಲ ದಂಡೆಯಲ್ಲಿ, ಈಜುವುದಕ್ಕೆ ಅದರಷ್ಟು ಸುರಕ್ಷಿತವಾದ ಜಾಗ ಬೇರೊಂದಿಲ್ಲ ಎಂಬ ನಂಬಿಕೆ ಅದು. ಓದಿದವರೂ ಹೀಗೆ ಹೇಳುತ್ತಾರೆ, ಮಕ್ಕಳ ಕೈಹಿಡಿದು ಬರುವ ಹೆತ್ತವರೂ ಹೇಳುತ್ತಾರೆ. ವಸ್ತುಸ್ಥಿತಿ ಇದಕ್ಕೆ ನೇರ ವಿರುದ್ಧವಾಗಿದೆ.

ತೆರೆಯೊಂದು ದಂಡೆಗೆ ಬಂದು ಒಡೆದಾಗ ಅದು ತಂದ ನೀರು ದಂಡೆಯ ಬಳಿ ಶೇಖರವಾಗುತ್ತದೆ. ಒಂದರ ಹಿಂದೆ ಒಂದು ತೆರೆ ಬರುತ್ತಲೇ ಇರುವುದರಿಂದ ಅಲ್ಲಿನ ನೀರಿನ ಮಟ್ಟ ತುಸು ಏರಿ, ಆ ನೀರು ಕಡಲಿಗೆ ಮರಳಲು ದಾರಿ ಹುಡುಕುತ್ತದೆ. ಅಂಗಳದಲ್ಲಿ ತುಂಬಿದ ಮಳೆನೀರು ಎಲ್ಲಿ ತಗ್ಗಿದೆಯೋ ಆ ಕಣಿಯನ್ನೇ ಹಿಡಿದು ಹೊರಟುಹೋಗುವಂತೆ, ಈ ನೀರೂ ಮರಳು ಕೊರೆದುಹೋಗಿ ಆಳವಾದ ಜಾಗವನ್ನು ಹಿಡಿದು ಒಂದು ಕಿರಿದಾದ ಹೊಳೆಯಾಗಿ ಹೊರಗೆ ಹರಿಯುತ್ತದೆ. ನಾವು ಸೆಳೆತ ಎನ್ನುವುದು ಇದನ್ನೇ. ತೆರೆದ ದಂಡೆಯಲ್ಲಿ ಈ ಸೆಳೆತ ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಜಾಗ ಬದಲಿಸುತ್ತಿರುತ್ತದೆ. ಆದರೆ ಕಡಲಿಗೆ ಚಾಚಿದ ಕಲ್ಲಿನ ಸಾಲು ಇದ್ದಲ್ಲಿ, ದಂಡೆಯುದ್ದಕ್ಕೂ ಸಾಗಿ ಬರುವ ಹರಿವು ಆ ಕಲ್ಲಿಗೆ ತಾಗಿ, ಮುಂದೆ ಹೋಗಲಾರದೆ, ಕಲ್ಲಿನ ಪಕ್ಕದಲ್ಲೇ ಕಡಲಿನ ಕಡೆಗೆ ತಿರುಗುತ್ತದೆ. ಕಲ್ಲು ಕದಲುವುದಿಲ್ಲವಾದ್ದರಿಂದ ಸೆಳೆತವೂ ಅಲ್ಲಿ ಮತ್ತೆ ಮತ್ತೆ ಹುಟ್ಟುತ್ತದೆ. ಕಂಬಗಳ ಮೇಲೆ ಕಟ್ಟಿದ ಜೆಟ್ಟಿಯ ಕೆಳಗೂ ಕಂಬಗಳ ಬುಡದ ಮರಳು ಕೊರೆದು ಕಾಲುವೆಯಾಗಿ ಇಂಥದೇ ಹರಿವು ಉಂಟಾಗುತ್ತದೆ. ಮಂಜೇಶ್ವರದ ಮೀನುಗಾರಿಕಾ ಬಂದರಿನಲ್ಲಿ ಅಥವಾ ಕಾಸರಗೋಡು ಕಸಬದಲ್ಲಿ ಕಡಲಿನೊಳಕ್ಕೆ ಹೋದ ತಡೆಗೋಡೆಯ ಮೇಲೆ ನಿಂತು ಕೆಳಗೆ ನೋಡಿದವರಿಗೆ ಈ ಚಿತ್ರ ಹೊಸದಲ್ಲ.

ಹಾಗಾದರೆ ಆ ನೀರು ಶಾಂತವಾಗಿ ಕಾಣುವುದು ಏಕೆ? ನೀರು ಆಳವಾದಲ್ಲಿ ತೆರೆ ಒಡೆಯುವುದಿಲ್ಲ. ಅಕ್ಕಪಕ್ಕದಲ್ಲಿ ಬಿಳಿ ನೊರೆ ಏಳುತ್ತಿರುವಾಗ ನಡುವೆ ಮಾತ್ರ ಕಪ್ಪಾಗಿ, ನುಣುಪಾಗಿ ಕಾಣುವ ಪಟ್ಟಿಯಿದ್ದರೆ ಅದು ಸೆಳೆತದ ದಾರಿ ಎಂದೇ ತಿಳಿಯಬೇಕು. ಅಂದರೆ ಯಾವ ಶಾಂತತೆಯನ್ನು ನಂಬಿ ಹೆತ್ತವರು ಮಕ್ಕಳನ್ನು ಅಲ್ಲಿಗೆ ಇಳಿಸುತ್ತಾರೋ ಆ ಶಾಂತತೆಯೇ ಅಪಾಯದ ಗುರುತು. ನನ್ನ ಮಾತಿನಲ್ಲಿ ನಂಬಿಕೆ ಬಾರದವರು ಒಣಗಿದ ತೆಂಗಿನ ಸಿಪ್ಪೆಯೊಂದನ್ನು ತಡೆಗೋಡೆಯ ಬುಡದ ನೀರಿಗೆ ಎಸೆದು ಐದು ನಿಮಿಷ ನೋಡುತ್ತ ನಿಲ್ಲಲಿ. ಸೆಳೆತವಿರುವ ದಿನ ಆ ಸಿಪ್ಪೆ ದಂಡೆಗೆ ಬರುವುದರ ಬದಲು ಕಲ್ಲಿನ ಸಾಲನ್ನು ಹಿಡಿದು ಹೊರಗೆ ಸಾಗುವುದನ್ನು ಕಣ್ಣಾರೆ ಕಾಣಬಹುದು. ಶಾಲೆಯ ಮಕ್ಕಳಿಗೆ ಇದನ್ನು ತೋರಿಸಿದಾಗ ಅವರು ಒಂದೇ ಸಲಕ್ಕೆ ಅರ್ಥಮಾಡಿಕೊಳ್ಳುತ್ತಾರೆ ಎಂಬುದು ನನಗೆ ನಿಜವಾಗಿಯೂ ಹೆಮ್ಮೆಯ ಸಂಗತಿ.

ವೇಗದ ಲೆಕ್ಕವನ್ನೂ ಹೇಳಬೇಕು. ಸಾಧಾರಣ ಸೆಳೆತ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಹರಿಯುತ್ತದೆ, ಅಂದರೆ ಒಂದು ನಿಮಿಷದಲ್ಲಿ 30 ಮೀಟರ್. ಜೋರಾದಾಗ ಅದು ಸೆಕೆಂಡಿಗೆ 2 ಮೀಟರನ್ನೂ ಮುಟ್ಟುತ್ತದೆ. ಒಲಿಂಪಿಕ್ಸಿನ ನೂರು ಮೀಟರ್ ಸ್ಪರ್ಧೆಯಲ್ಲಿ ಗೆಲ್ಲುವವರ ವೇಗ ಅಷ್ಟು. ಊರ ಕೆರೆಯಲ್ಲಿ ಈಜು ಕಲಿತು ಚೆನ್ನಾಗಿ ಈಜಬಲ್ಲೆನೆಂದು ಧೈರ್ಯದಿಂದಿರುವ ಹುಡುಗ ಅದಕ್ಕೆ ಎದುರಾಗಿ ದಂಡೆಗೆ ಬರಲು ಹೆಣಗಿದರೆ ದಣಿದು ಮುಳುಗುತ್ತಾನೆ. ಸೆಳೆತವು ಮನುಷ್ಯನನ್ನು ಕೆಳಕ್ಕೆ ಎಳೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಹೊರಕ್ಕೆ ಒಯ್ಯುತ್ತದೆ, ಕೆಳಕ್ಕೆ ತಳ್ಳುವುದು ದಣಿವು ಮತ್ತು ಗಾಬರಿ. ಸಿಕ್ಕಿಕೊಂಡವನು ಅಂಗಾತ ತೇಲುತ್ತ ಕೈಯೆತ್ತಿ ಕೂಗಬೇಕು, ದಂಡೆಗೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಹೊರಬರಬೇಕು ಎಂದು ಎಲ್ಲ ಕಡೆಯೂ ಕಲಿಸುತ್ತಾರೆ. ಆದರೆ ತಡೆಗೋಡೆಯ ಪಕ್ಕದಲ್ಲಿ ಈ ಪಾಠವೂ ಅರ್ಧವಾಗುತ್ತದೆ, ಏಕೆಂದರೆ ಒಂದು ಪಕ್ಕದಲ್ಲಿ ಕಲ್ಲಿದೆ. ಅಲ್ಲಿ ಈಜಬೇಕಾದದ್ದು ಕಲ್ಲಿಗೆ ಬೆನ್ನುಹಾಕಿ, ತೆರೆಗಳು ಒಡೆಯುತ್ತಿರುವ ಕಡೆಗೆ ಮಾತ್ರ. ಕಲ್ಲನ್ನು ಹಿಡಿದುಕೊಳ್ಳುತ್ತೇನೆ ಎಂದು ಹೋದವನಿಗೆ ಪಚ್ಚಿಲೆಯ ಮತ್ತು ಇತರ ಚಿಪ್ಪುಗಳ ಅಲಗಿನಂಥ ಅಂಚು ಅಂಗೈಯನ್ನು ಸೀಳುತ್ತದೆ, ಹಿಂದಿನಿಂದ ಬಂದ ತೆರೆ ಅದೇ ಕಲ್ಲಿಗೆ ಅವನನ್ನು ಅಪ್ಪಳಿಸುತ್ತದೆ.

ಮಳೆಗಾಲದಲ್ಲಿ ಮಾತ್ರ ಹೀಗೆ, ಬೇಸಿಗೆಯಲ್ಲಿ ಕಡಲು ಸಾಧುವಾಗಿರುತ್ತದೆ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ಇಲ್ಲಿ ಗಾಳಿಯೇ ಇಲ್ಲದ ಬಿಸಿಲಿನ ದಿನದಲ್ಲಿ ದಂಡೆಯನ್ನು ಮುಟ್ಟುತ್ತವೆ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಹೀಗೆ ನುಗ್ಗುವ ಕಡಲನ್ನು ಕೇರಳದ ಮೀನುಗಾರರು ಕಳ್ಳಕ್ಕಡಲ್ ಎನ್ನುತ್ತಾರೆ. ಯುನೆಸ್ಕೋ 2012ರಲ್ಲಿ ಆ ಹೆಸರನ್ನೇ ಅಧಿಕೃತವಾಗಿ ಒಪ್ಪಿಕೊಂಡಿದೆ. ಕಡಲಿನ ಸ್ಥಿತಿಗತಿಯ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ನೆಚ್ಚರಿಕೆಯನ್ನು ಹೊರಡಿಸುತ್ತದೆ, ಪತ್ರಿಕೆಗಳಲ್ಲಿಯೂ ಅದು ಬರುತ್ತದೆ. ಅಳಿವೆಯ ಬಳಿ ಹೊಳೆಯ ಲೆಕ್ಕವೂ ಸೇರಿಕೊಳ್ಳುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಪಯಸ್ವಿನಿಯು ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಮೇಲೆ ಘಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ಆಕಾಶ ತಿಳಿಯಾಗಿದ್ದರೂ ಅಳಿವೆಯಲ್ಲಿ ನೀರು ರಭಸದಿಂದಿರುತ್ತದೆ, ಅದಕ್ಕೆ ಇಳಿತವೂ ಕೂಡಿದರೆ ಆ ಹರಿವಿಗೆ ಎದುರು ನಿಲ್ಲುವವರಿಲ್ಲ.

ಇದನ್ನೆಲ್ಲ ಒಪ್ಪಿಕೊಂಡ ಮೇಲೆ ನಿರ್ವಹಣೆ ಕಷ್ಟದ ಕೆಲಸವಲ್ಲ. ಜೆಟ್ಟಿಯೂ ಅದರ ಎರಡೂ ಬದಿಯ ನೀರೂ ಗಾಳದವರಿಗೆ ಮತ್ತು ದೋಣಿಗಳಿಗೆ ಮೀಸಲು. ಜೆಟ್ಟಿಯ ಮೇಲಿಂದ ನೀರಿಗೆ ಹಾರುವುದು ಯಾವ ಹೊತ್ತಿನಲ್ಲಿಯೂ ಬೇಡ. ಅಮೆರಿಕದ ಕಡಲ ತೀರಗಳಲ್ಲಿ ಇಂಥ ಕಟ್ಟಡಗಳಿಂದ ಕಡಿಮೆಯೆಂದರೆ 100 ಅಡಿ ದೂರವಿರಿ ಎಂದು ಈಜುವವರಿಗೆ ಹೇಳುತ್ತಾರೆ. ನಮ್ಮಲ್ಲಿ ಜೀವರಕ್ಷಕರಿಲ್ಲದ ದಂಡೆಗಳೇ ಹೆಚ್ಚಾಗಿರುವುದರಿಂದ ಇದರ ಎರಡರಷ್ಟು ಬಿಟ್ಟರೂ ಅದು ಅತಿಯಲ್ಲ. ಅಲ್ಲಿಂದಾಚೆ ಕೆಂಪು ಹಳದಿ ಬಾವುಟಗಳ ನಡುವೆ ಈಜುವ ಜಾಗ. ಹೊಳೆಯೊಳಗಿನ ಜೆಟ್ಟಿಯಾದರೆ, ಈಜುವ ಜಾಗ ಜೆಟ್ಟಿಗಿಂತ ಸಾಕಷ್ಟು ಮೇಲೆ, ದಡ ಇಳಿಜಾರಾಗಿರುವ ಕಡವಿನ ಬಳಿ ಇರಲಿ, ಅದೂ ಭರತ ಏರುತ್ತಿರುವಾಗ ಮಾತ್ರ. ಆಗ ನೀರಿನ ಹರಿವು ಈಜುವವರನ್ನು ಗಾಳಗಳ ಕಡೆಗೆ ತರುವುದಿಲ್ಲ.

ಗಾಳದವರಿಗೂ ಕಟ್ಟುಪಾಡು ಬೇಕು. ಜನ ನಡೆದಾಡುವ ಭಾಗದಲ್ಲಿ ಕೋಲನ್ನು ತಲೆಯ ಮೇಲಿಂದ ಬೀಸಿ ಎಸೆಯಬಾರದು, ಬೀಸುವ ಮೊದಲು ಹಿಂದಕ್ಕೆ ತಿರುಗಿ ನೋಡಬೇಕು. ತುಂಡಾದ ದಾರವನ್ನು ಹಾಕಲು ಒಂದು ಡಬ್ಬ ಇಡಬೇಕು. ಈಜುವವರಿಂದ ಮೀನು ಓಡಿಹೋಗುತ್ತದೆ ಎಂಬ ಅವರ ದೂರಿನಲ್ಲಿ ಸ್ವಲ್ಪ ನಿಜವಿದೆ, ಮೀನಿಗೆ ನೀರಿನ ಕಂಪನ ತಿಳಿಯುತ್ತದೆ. ಆದರೆ ಜಾಗ ಬೇರೆಯಾದ ಮೇಲೆ ಆ ದೂರು ತಾನಾಗಿ ನಿಲ್ಲುತ್ತದೆ.

ಗಾಳದವರನ್ನು ಈಜುವವರ ಶತ್ರುಗಳೆಂದು ಕಾಣುವುದನ್ನು ದಯವಿಟ್ಟು ಬಿಡಿ. ಜೆಟ್ಟಿಯ ಮೇಲೆ ಗಂಟೆಗಟ್ಟಲೆ ನೀರನ್ನೇ ನೋಡುತ್ತ ನಿಲ್ಲುವವರು ಅವರೊಬ್ಬರೇ. ಹಗ್ಗ ಕಟ್ಟಿದ ಗಾಳಿ ತುಂಬಿದ ಟ್ಯೂಬನ್ನು, ಅದಿಲ್ಲದಿದ್ದರೆ ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನನ್ನು ಕಂಬಕ್ಕೆ ನೇತುಹಾಕಿಟ್ಟರೆ, ಕೂಗು ಕೇಳಿದೊಡನೆ ಎಸೆಯಬಲ್ಲವರು ಅವರೇ. ಎಸೆಯಬೇಕು, ಹಿಂದೆಯೇ ಹಾರಬಾರದು. ಒಬ್ಬನನ್ನು ಉಳಿಸಲು ಹಾರಿ ಇಬ್ಬರೂ ಹೋದ ಸುದ್ದಿಯನ್ನು ನಾವು ಪ್ರತಿವರ್ಷ ಓದುತ್ತಿದ್ದೇವೆ. 112 ಮತ್ತು ಕರಾವಳಿ ರಕ್ಷಣಾ ಪಡೆಯ 1554 ಈ ಎರಡು ಸಂಖ್ಯೆಗಳು ಅಲ್ಲಿ ದೊಡ್ಡ ಅಕ್ಷರದಲ್ಲಿರಬೇಕು.

ಫಲಕವು ಮಲಯಾಳದಲ್ಲಿ ಮಾತ್ರವಲ್ಲ, ಕನ್ನಡದಲ್ಲಿಯೂ ಇರಬೇಕು, ಓದು ಬಾರದವರಿಗಾಗಿ ಚಿತ್ರವೂ ಇರಬೇಕು. ಇದು ಭಾಷಾಭಿಮಾನದ ಮಾತಲ್ಲ, ಪ್ರಾಣದ ಮಾತು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಮಾತ್ರ ಓದಿದ ಹುಡುಗ ಮಲಯಾಳದ ಎಚ್ಚರಿಕೆಯ ಮುಂದೆಯೇ ನಿಂತು ನೀರಿಗೆ ಹಾರಬಲ್ಲ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯು ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡುವ ಅವಕಾಶವನ್ನು ಕೊಟ್ಟಿದೆ. ಆದ್ದರಿಂದ ಫಲಕ ಬೇಕೆಂಬ ಅರ್ಜಿಯನ್ನು ಕನ್ನಡದಲ್ಲಿಯೇ ಬರೆದು ಪಂಚಾಯತಿಗೂ ಮೀನುಗಾರಿಕಾ ಇಲಾಖೆಗೂ ಕೊಡಿ, ಅದಕ್ಕೆ ಗಾಳದವರ ಸಹಿಯನ್ನೂ ಹಾಕಿಸಿ.

ಇನ್ನು ಯಾರೂ ಕೇಳದಿದ್ದರೂ ಹೇಳಲೇಬೇಕಾದ ವಿಷಯವೊಂದಿದೆ: ಗಾಳ ಮೈಗೆ ಚುಚ್ಚಿಕೊಂಡರೆ ಏನು ಮಾಡಬೇಕು? ಜೆಟ್ಟಿಯಲ್ಲಿ ಸಾಮಾನ್ಯವಾಗಿ ನಡೆಯುವುದೆಂದರೆ ನಾಲ್ಕು ಜನ ಸೇರಿ ಅದನ್ನು ಎಳೆಯುವುದು. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಚಿಕ್ಕ ಮುಳ್ಳೊಂದಿರುತ್ತದೆ; ಮೀನು ತಪ್ಪಿಸಿಕೊಳ್ಳದಿರಲೆಂದು ಇರುವ ಆ ಮುಳ್ಳು, ಎಳೆದಷ್ಟೂ ಮಾಂಸವನ್ನು ಹರಿಯುತ್ತದೆ. ದಾರವನ್ನು ಕತ್ತರಿಸಿ, ಗಾಳ ಅಲುಗಾಡದಂತೆ ಬಟ್ಟೆ ಸುತ್ತಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಆ ಜಾಗವನ್ನು ಮರಗಟ್ಟಿಸಿ, ಮುಳ್ಳನ್ನು ಮುಂದಕ್ಕೆ ತಳ್ಳಿ ಕತ್ತರಿಸಿಯೋ ಬೇರೆ ವಿಧಾನದಿಂದಲೋ ಗಾಳವನ್ನು ತೆಗೆಯುತ್ತಾರೆ, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ವಿಚಾರಿಸುತ್ತಾರೆ. ಕಣ್ಣಿಗೆ ಅಥವಾ ಕುತ್ತಿಗೆಗೆ ಚುಚ್ಚಿದ್ದರೆ ಅದನ್ನು ಮುಟ್ಟಲೇಬೇಡಿ. ಗಾಳದವರು ಇಕ್ಕಳದಿಂದ ಆ ಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿಕೊಂಡರೆ ಈ ಕಷ್ಟದ ಬಹುಪಾಲು ಇರುವುದಿಲ್ಲ, ದಾರವನ್ನು ಬಿಗಿಯಾಗಿ ಹಿಡಿಯಬಲ್ಲವನ ಕೈಯಿಂದ ಮೀನೂ ತಪ್ಪಿಸಿಕೊಳ್ಳುವುದಿಲ್ಲ.

ತೇಡೆ ಅಥವಾ ತೊರಕೆ ಮೀನಿನ ಮುಳ್ಳು ಚುಚ್ಚಿದಾಗ ಮಾಡಬೇಕಾದದ್ದು ಬೇರೆ. ಅವುಗಳ ವಿಷ ಶಾಖಕ್ಕೆ ಶಕ್ತಿ ಕಳೆದುಕೊಳ್ಳುವುದರಿಂದ, ಗಾಯಗೊಂಡ ಕೈಯನ್ನೋ ಕಾಲನ್ನೋ ಸುಮಾರು 45 ಡಿಗ್ರಿ ಸೆಲ್ಸಿಯಸಿನ ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಇಟ್ಟರೆ ನೋವು ತಗ್ಗುತ್ತದೆ. ನೋವಿನಲ್ಲಿರುವವನಿಗೆ ಸುಡುವುದು ತಿಳಿಯುವುದಿಲ್ಲ, ಆದ್ದರಿಂದ ನೀರನ್ನು ಗಾಯವಿಲ್ಲದ ಕೈಯಿಂದ ಮುಟ್ಟಿ ನೋಡಿಯೇ ಇಳಿಸಬೇಕು. ಮುಳ್ಳಿನ ಚೂರು ಒಳಗೆ ಉಳಿದಿರಬಹುದಾದ್ದರಿಂದ ನೋವು ಕಡಿಮೆಯಾದರೂ ವೈದ್ಯರಿಗೆ ತೋರಿಸಬೇಕು. ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಬಿಸಿನೀರಿಗೆ ಕಾಯದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಜೆಟ್ಟಿಯ ಬಳಿ ಚಹಾದಂಗಡಿ ಇದ್ದರೆ ಅಲ್ಲಿಯವರಿಗೆ ಈ ವಿಷಯವನ್ನು ಇಂದೇ ತಿಳಿಸಿಡಿ; ಬಿಸಿನೀರು ಅವರಲ್ಲಿ ಯಾವಾಗಲೂ ಇರುತ್ತದೆ.