ನಂದಿಯ ಭೋಗನಂದೀಶ್ವರ: ಕಟ್ಟಿದ್ದು ಯಾರು?

ಚಿಕ್ಕಬಳ್ಳಾಪುರದ ನಂದಿ ಗ್ರಾಮದ ಭೋಗನಂದೀಶ್ವರ ಗುಡಿಯನ್ನು ಚೋಳರು ಕಟ್ಟಿದರು ಎನ್ನುವ ಮಾತು ಬಹಳ ಕಡೆ ಕೇಳಿಬರುತ್ತದೆ. ಅದು ಪೂರ್ತಿ ಸತ್ಯವಲ್ಲ. ಇಲ್ಲಿನ ಶಿವಾಲಯವನ್ನು ಹೆಸರಿಸುವ ಅತಿ ಹಳೆಯ ಶಾಸನ ಸುಮಾರು ಕ್ರಿ.ಶ. 806ರದು, ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ್ದು. ಅದರಲ್ಲಿ ನೊಳಂಬ ಅರಸು ಮನೆತನದ ಪ್ರಸ್ತಾಪವಿದೆ. ಗುಡಿಯನ್ನು ಹೇಳುವ ಬಾಣ ಅರಸರ ತಾಮ್ರಪಟಗಳು ಸುಮಾರು 810ರವು. ಚೋಳರು ಈ ಸೀಮೆಯಲ್ಲಿ ಕಾಲೂರಿದ್ದು ಇದಾದ ಸುಮಾರು ಇನ್ನೂರು ವರ್ಷಗಳ ಮೇಲೆ. ಅವರು ಬಂದಾಗ ಗುಡಿ ನಿಂತಿತ್ತು. ಅವರು ಅದನ್ನು ಬೆಳೆಸಿದರು.

ಹೀಗೆ ಬೆಳೆದ ಬಗೆ ಒಳಗೆ ಕಾಲಿಟ್ಟರೆ ಕಾಣುತ್ತದೆ. ಪೂರ್ವಾಭಿಮುಖವಾಗಿ ಜೋಡಿ ಗುಡಿಗಳು: ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ. ಎರಡಕ್ಕೂ ಗರ್ಭಗುಡಿ, ಅದರ ಮುಂದಿನ ಚಿಕ್ಕ ಕೋಣೆಯಾದ ಸುಕನಾಸಿ, ಕಂಬಗಳ ಸಭಾಂಗಣವಾದ ನವರಂಗ, ಎದುರಿಗೆ ನಂದಿ. ಗೋಡೆಯ ಜಾಲಂಧ್ರಗಳಲ್ಲಿ, ಅಂದರೆ ಕಲ್ಲಿನ ಜಾಲರಿ ಕಿಂಡಿಗಳಲ್ಲಿ, ಶಿವ ಕುಣಿಯುತ್ತಾನೆ, ದುರ್ಗೆ ಕೋಣದ ತಲೆಯ ಮೇಲೆ ನಿಂತಿದ್ದಾಳೆ. ಗ್ರಾನೈಟಿನಲ್ಲಿ ಇಂಥ ಕಿಂಡಿ ಕೊರೆಯುವುದು ಮೆತ್ತನೆಯ ಬಳಪದ ಕಲ್ಲಿನಲ್ಲಿ ಕೊರೆದಷ್ಟು ಸುಲಭವಲ್ಲ. ಜೋಡಿ ಗುಡಿಗಳ ನಡುವೆ ಆಮೇಲೆ ಬಂದದ್ದು ಪುಟ್ಟ ಉಮಾಮಹೇಶ್ವರ ಗುಡಿ. ಅದರ ಕಲ್ಯಾಣಮಂಟಪದ ನಾಲ್ಕು ಕರಿಕಲ್ಲಿನ ಕಂಬಗಳ ನಯಗಾರಿಕೆಯೇ ಬೇರೆ. ಅದನ್ನು ಹೊಯ್ಸಳರ ಕಾಲದ್ದೆನ್ನುತ್ತಾರೆ. ಹೊರಗೋಡೆ ಮತ್ತು ದೊಡ್ಡ ಮಂಟಪಕ್ಕೆ ವಿಜಯನಗರದ ಹೆಸರಿದೆ. ಉತ್ತರದ ಅಂಗಳದಾಚೆ ಮೆಟ್ಟಿಲುಗಳ ಕಲ್ಯಾಣಿ, ಶೃಂಗಿತೀರ್ಥ.

ಇಂಥ ಗುಡಿಗಳ ಮಂಟಪಗಳಲ್ಲಿ ಕಂಬಗಳು ಹತ್ತಿರ ಹತ್ತಿರ ಏಕೆ? ಕಲ್ಲು ಒತ್ತಡವನ್ನು ತಾಳುತ್ತದೆ, ಬಾಗುವಿಕೆಯನ್ನು ತಾಳುವುದಿಲ್ಲ. ಉದ್ದದ ತೊಲೆ ಮಧ್ಯದಲ್ಲಿ ಬಿರಿಯುತ್ತದೆ, ಅದಕ್ಕೇ ತೊಲೆ ಗಿಡ್ಡವಾಗಿರಬೇಕು, ಕಂಬ ಹತ್ತಿರವಿರಬೇಕು.

ಇಂಥ ಗುಡಿಗಳ ನಿಜವಾದ ಶತ್ರು ಮಾಳಿಗೆಯ ನೀರು. ಚಪ್ಪಡಿಯ ಮೇಲಿನ ಗಾರೆ ಬಿರುಕು ಬಿಟ್ಟರೆ ಮಳೆನೀರು ಸಂದಿಗಳಲ್ಲಿ ಇಳಿದು, ಸುಣ್ಣವನ್ನು ಕರಗಿಸಿ ತಂದು ಒಳಛಾವಣಿಯಲ್ಲಿ ಬಿಳಿ ಕಲೆ ಬಿಡುತ್ತದೆ. ಬಿರುಕಿನಲ್ಲಿ ಅರಳಿ ಗಿಡ ಬೇರೂರಿದರೆ ಚಪ್ಪಡಿಯೇ ಸರಿಯುತ್ತದೆ. ಇದಕ್ಕೆ ಸಿಮೆಂಟ್ ಮೆತ್ತುವುದು ದೊಡ್ಡ ತಪ್ಪು: ಅದು ಬಿಗಿಯಾಗಿ ಕೂತು ತೇವವನ್ನು ಒಳಗೇ ಹಿಡಿದಿಡುತ್ತದೆ, ಹಗಲು ರಾತ್ರಿ ಹಿಗ್ಗಿ ಕುಗ್ಗುವಾಗ ಅಂಚಿನಲ್ಲಿ ಮತ್ತೆ ಬಿಡುತ್ತದೆ. ಸಾಂಪ್ರದಾಯಿಕ ಗಾರೆಗೆ ಒಂದು ಪಾಲು ಅರಳಿದ ಸುಣ್ಣ, ಸುಮಾರು ಮೂರು ಪಾಲು ಮರಳು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಹಾಕಿದ ಮೇಲೆ ವಾರಗಟ್ಟಲೆ ತೇವ ಆರದಂತೆ ಒದ್ದೆ ಗೋಣಿ ಹೊದಿಸಬೇಕು. ಬಿಸಿಲಿಗೆ ಬೇಗ ಒಣಗಿದರೆ ಮೊದಲ ಮಳೆಗೇ ಬಿರಿಯುತ್ತದೆ.