ಚಾರ್ಲ್ಸ್ ಹೀಫಿ: ನೆಲ ಮಾರಲು ಬಿಡಿಸಿದ ಚಿತ್ರಗಳು

ನ್ಯೂಜಿಲೆಂಡ್ ಇತಿಹಾಸ ಓದುವಾಗ ಹೀಫಿ ಹೆಸರು ಪದೇ ಪದೇ ಎದುರಾಗುತ್ತದೆ. ಒಂದು ಕಡೆ ಚಿತ್ರಕಾರ, ಇನ್ನೊಂದು ಕಡೆ ಸರ್ವೆಯವನು, ಮತ್ತೊಂದು ಕಡೆ ಸಂಸದ. ಬೇರೆ ಬೇರೆಯವರು ಅಂದುಕೊಂಡು ಗೊಂದಲ ಮಾಡಿಕೊಳ್ಳಬೇಡಿ, ಎಲ್ಲ ಒಬ್ಬನೇ.

ಊರು ಲಂಡನ್. ಅಪ್ಪನೂ ಜಲವರ್ಣದ ಕಲಾವಿದ. 1839ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಬ್ರಿಟಿಷ್ ವಲಸಿಗರಿಗೆ ಅಲ್ಲಿನ ನೆಲ ಮಾರುತ್ತಿದ್ದ ನ್ಯೂಜಿಲೆಂಡ್ ಕಂಪನಿಯ ನಕ್ಷೆಗಾರನಾಗಿ ‘ಟೋರಿ’ ಹಡಗು ಹತ್ತಿದ.

ಕಂಪನಿಯ ವ್ಯವಹಾರ ಮೊದಲು ತಿಳಿದುಕೊಳ್ಳಿ. ಒಂದು ಪಾಲು ಅಂದರೆ 101 ಎಕರೆ: ಊರೊಳಗೆ 1, ಹೊರಗೆ 100. ಎಕರೆಗೆ 1 ಪೌಂಡ್. ಹತ್ತರಲ್ಲಿ ಒಂದು ಪಾಲು ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳಿಗೆ ಮೀಸಲು ಎಂಬ ಮಾತೂ ಇತ್ತು. ಪಾಲು ಆರಿಸಿಕೊಳ್ಳುವ ಸರದಿ ಯಾರದು ಮೊದಲು ಅಂತ ಲಂಡನ್ನಿನಲ್ಲಿ ಚೀಟಿ ಎತ್ತಿದ್ದು 1839ರ ಜುಲೈನಲ್ಲಿ. ಟೋರಿ ನ್ಯೂಜಿಲೆಂಡ್ ಮುಟ್ಟಿದ್ದು ಆಗಸ್ಟ್‌ನಲ್ಲಿ! ಮಾವೊರಿಗಳಿಂದ ಕೊಳ್ಳುವ ಮೊದಲೇ ಮಾರಿ ಆಗಿತ್ತು. ಕಾಣದ ನೆಲಕ್ಕೆ ದುಡ್ಡು ಕೊಡುವವರ ಕಣ್ಣಿಗೆ ಏನಾದರೂ ತೋರಿಸಬೇಕಲ್ವಾ? ಅದು ಹೀಫಿಯ ಪಾಲಿನ ಕೆಲಸ.

1840ರ ಅವನ ತಾರಾನಾಕಿ ಬೆಟ್ಟದ ಚಿತ್ರ ಹುಡುಕಿ ನೋಡಿ. (ಆಗ ಇಂಗ್ಲಿಷರು ಅದನ್ನು ಎಗ್ಮಾಂಟ್ ಅನ್ನುತ್ತಿದ್ದರು.) ಆಮೇಲೆ ಅದೇ ಬೆಟ್ಟದ ಫೋಟೋ ಪಕ್ಕಕ್ಕಿಡಿ. ಚಿತ್ರದಲ್ಲಿ ಬೆಟ್ಟ ಆಲಿಕೆ ಬೋರಲು ಹಾಕಿದಷ್ಟು ಕಡಿದಾಗಿದೆ, ಎರಡೂ ಬದಿ ಅಳೆದು ಕತ್ತರಿಸಿದ ಹಾಗೆ. ನನಗಂತೂ ಸೈಟು ಮಾರುವವರ ಬಣ್ಣದ ಬ್ರೋಷರ್ ನೆನಪಾಯಿತು. ಹಾಗಂತ ಸುಮ್ನೆ ಜಾಹೀರಾತು ಎಂದು ತಳ್ಳಿಹಾಕುವಂತಿಲ್ಲ, ಚಿತ್ರ ನಿಜಕ್ಕೂ ಚೆನ್ನಾಗಿದೆ. 1842ರಲ್ಲಿ ಲಂಡನ್ನಿಗೆ ಮರಳಿ ತನ್ನ ಅನುಭವದ ಪುಸ್ತಕವನ್ನೂ ತಂದ. ಅವನ ಚಿತ್ರಗಳ ಕಲ್ಲಚ್ಚು ಪ್ರತಿಗಳು ವಲಸೆ ಹೋಗುವ ಮನಸ್ಸಿದ್ದವರ ಕೈ ಸೇರಿದವು.

ಮತ್ತೆ ನ್ಯೂಜಿಲೆಂಡ್. 1846ರಲ್ಲಿ ಥಾಮಸ್ ಬ್ರನರ್ ಜೊತೆ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯುದ್ದಕ್ಕೂ ನಡೆದ. ದಾರಿ ತೋರಿಸಿದವನು ಕೆಹು ಎಂಬ ಮಾವೊರಿ. ಸಾಹಸದ ಕಥೆಗಳಲ್ಲಿ ಅವನ ಹೆಸರು ಕೊನೆಗೆ ಬರುತ್ತದೆ, ನೀವು ಮೊದಲು ಬರೆದುಕೊಳ್ಳಿ.

1864ರಲ್ಲಿ, ಉತ್ತರ ದ್ವೀಪದ ವೈಕಾಟೊ ಪ್ರದೇಶದಲ್ಲಿ ಮಾವೊರಿಗಳ ವಿರುದ್ಧ ಬ್ರಿಟಿಷ್ ಪಡೆ ನಡೆಸಿದ ಯುದ್ಧದಲ್ಲಿ, ಗುಂಡಿನ ನಡುವೆ ಗಾಯಾಳು ಸೈನಿಕನ ನೆರವಿಗೆ ಹೋಗಿದ್ದಕ್ಕೆ 1867ರಲ್ಲಿ ವಿಕ್ಟೋರಿಯಾ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯಪದಕ ಸಿಕ್ಕಿತು. ಅದೇ ವರ್ಷ ಪಾರ್ನೆಲ್ ಕ್ಷೇತ್ರದಿಂದ ಸಂಸತ್ತಿಗೆ ಹೋಗಿ 1870ರವರೆಗೆ ಇದ್ದ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಯುದ್ಧದ ನಂತರ ಸರ್ಕಾರ ವೈಕಾಟೊದಲ್ಲಿ ಸುಮಾರು 12 ಲಕ್ಷ ಎಕರೆ ಮಾವೊರಿ ಭೂಮಿ ಕಿತ್ತುಕೊಂಡಿತು. ಆ ನೆಲದ ಸರ್ವೆಯಲ್ಲೂ ಇವನ ಕೈ ಇತ್ತು.

ಲಂಡನ್ನಿನಲ್ಲಿ ಮಾವೊರಿಗಳಿಗೆಂದು ಹೇಳಿದ ಹತ್ತನೇ ಒಂದು ಪಾಲು ನೆನಪಿದೆಯಾ? ಅಂಥ ಮೀಸಲು ಜಮೀನುಗಳ ಉಸ್ತುವಾರಿಗೆ 1869ರಲ್ಲಿ ಕಮಿಷನರ್ ಆಗಿ ಬಂದವನೂ ಹೀಫಿಯೇ.