ಬೆಳ್ಳಗಿರೋದೆಲ್ಲ ಫೆಲ್ಡ್‌ಸ್ಪಾರ್ ಅಲ್ಲ

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಸುತ್ತ ಲಿಥಿಯಂ ಇದೆ ಅಂತ ಸುದ್ದಿ ಬಂದ ಮೇಲೆ ನಮ್ಮ ಮನೆ ಕಟ್ಟೆಯ ಮೇಲೆ ಕಲ್ಲು ಜಾಸ್ತಿಯಾಗಿವೆ. ಹೊಲದ ಬದುವಿನಲ್ಲಿ ಸಿಕ್ಕಿದ್ದು, ಬಾವಿ ತೋಡುವಾಗ ಬಂದದ್ದು, ಕ್ವಾರಿಯಲ್ಲಿ ಬಿಸಾಡಿದ್ದು. ಗಣಿಯಲ್ಲಿ ಜಿಯಾಲಜಿಸ್ಟ್ ಆಗಿದ್ದವನು ಅಂತ ಗೊತ್ತಾದರೆ ಸಾಕು, ಜನ ಚೀಲ ಬಿಚ್ಚುತ್ತಾರೆ. ಹತ್ತರಲ್ಲಿ ಒಂಬತ್ತು ಬೆಣಚುಕಲ್ಲು.

ಹೋದ ತಿಂಗಳು ಒಬ್ಬ ಹುಡುಗ ಟಿಫಿನ್ ಡಬ್ಬಿಯಲ್ಲಿ ಹತ್ತಿ ಹಾಸಿಕೊಂಡು ಕಲ್ಲು ತಂದಿದ್ದ. ಗ್ರಾನೈಟ್‌ನಲ್ಲೆಲ್ಲ ಕಾಣುವ ಫೆಲ್ಡ್‌ಸ್ಪಾರ್ ಎಂಬ ಬಿಳಿ ಖನಿಜದ ಒಳಗೆ ಹೆಬ್ಬೆರಳು ದಪ್ಪದ ಹಸಿರು ಹರಳು. ಆರು ಮೂಲೆ. ಪಕ್ಕದಲ್ಲಿ ಕಾಗೆ ಬಂಗಾರ ಮಿಂಚುತ್ತಿತ್ತು. ಆ ಹಸಿರು ಹರಳಿನದೇ ಒಂದು ತುಂಡು ಉದುರಿ ಡಬ್ಬಿಯ ತಳದಲ್ಲಿತ್ತು.

"ಸರ್, ಪಚ್ಚೆ ಹೌದಲ್ರಿ?"

ಪಚ್ಚೆ ಬೆರಿಲ್ ಜಾತಿಯದು. ಬೆರಿಲ್‌ಗೂ ಆರು ಮೂಲೆ, ಅದೂ ಪೆಗ್ಮಟೈಟ್ ಎಂಬ ಇಂಥ ಕಲ್ಲಿನಲ್ಲೇ ಸಿಗುತ್ತದೆ. ಹುಡುಗನ ತಪ್ಪೇನಿಲ್ಲ. ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದೆ. ಉದುರಿದ ತುಂಡು 24 ಗ್ರಾಂ ತೂಗಿತು. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು, ತೂಕ ಸೊನ್ನೆಗೆ ತಂದು, ಕಲ್ಲನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ಹಿಡಿದೆ. ತಳ ತಾಗಬಾರದು, ಗೋಡೆ ತಾಗಬಾರದು, ಗುಳ್ಳೆ ಅಂಟಿರಬಾರದು. ತಕ್ಕಡಿ 7.5 ತೋರಿಸಿತು. 24ನ್ನು 7.5ರಿಂದ ಭಾಗಿಸಿದರೆ 3.2, ಅಂದರೆ ಅಷ್ಟೇ ಗಾತ್ರದ ನೀರಿಗಿಂತ 3.2 ಪಟ್ಟು ಭಾರ. ಬೆರಿಲ್ ಆಗಿದ್ದರೆ 2.7ರ ಆಸುಪಾಸು ಬರಬೇಕಿತ್ತು. ಚಾಕುವಿನ ಮೊನೆ ಇಟ್ಟು ಸ್ವಲ್ಪ ಒತ್ತಿ ಎಳೆದೆ, ಗೀರು ಬಿತ್ತು. ಬೆರಿಲ್ ಮೇಲೆ ಚಾಕು ಜಾರುತ್ತದೆ. ಬೆರಿಲ್ ಬೆಣಚುಕಲ್ಲನ್ನೇ ಗೀರುವಷ್ಟು ಗಟ್ಟಿ.

ಹಾಗಾಗಿ ಇದು ಅಪಟೈಟ್. ಕ್ಯಾಲ್ಸಿಯಂ ಫಾಸ್ಫೇಟ್. ನಮ್ಮ ಹಲ್ಲು, ಮೂಳೆ ಇರುವುದೂ ಇದರ ಹತ್ತಿರದ ನೆಂಟನಿಂದಲೇ. ಜರ್ಮನಿಯ ಭೂವಿಜ್ಞಾನಿ ವೆರ್ನರ್ 1786ರಲ್ಲಿ ಈ ಹೆಸರಿಟ್ಟದ್ದು ಗ್ರೀಕ್ ಭಾಷೆಯ 'ಮೋಸ ಮಾಡು' ಅನ್ನುವ ಪದದಿಂದ. ಬೇರೆ ಹರಳುಗಳ ವೇಷ ಹಾಕಿ ಎಲ್ಲರನ್ನೂ ಯಾಮಾರಿಸುತ್ತಿತ್ತು ಅಂತ.

ಪೆಗ್ಮಟೈಟ್ ಅಂದರೆ ಗ್ರಾನೈಟ್ ಗಟ್ಟಿಯಾಗುತ್ತಾ ಬಂದು ಕೊನೆಗೆ ಉಳಿದ ರಸ. ಮೊದಲು ಕಟ್ಟಿದ ಹರಳುಗಳಿಗೆ ಬೇಡವಾದದ್ದೆಲ್ಲ ಅದರಲ್ಲಿ ಸೇರಿಕೊಳ್ಳುತ್ತದೆ. ಲಿಥಿಯಂ, ಬೆರಿಲಿಯಂ, ಫ್ಲೋರಿನ್, ರಂಜಕ (ಫಾಸ್ಫೇಟ್‌ಗಳಲ್ಲಿ ಇರುವುದು ಇದೇ). ಅಮರೇಶ್ವರದ ಪೆಗ್ಮಟೈಟ್‌ನಲ್ಲಿ ಲಿಥಿಯಂ ಕೂತಿರುವುದು ಸ್ಪೊಡುಮೀನ್ ಎಂಬ ಖನಿಜದಲ್ಲಿ, ಅದು ಸಿಲಿಕಾನ್ ಇರುವ ಸಿಲಿಕೇಟ್. ಆದರೆ ಜಗತ್ತಿನ ಎಷ್ಟೋ ಪೆಗ್ಮಟೈಟ್‌ಗಳಲ್ಲಿ ಲಿಥಿಯಂ ಫಾಸ್ಫೇಟ್ ಜೊತೆಗೂ ಕೂಡಿಕೊಂಡಿರುತ್ತದೆ. ಅಂಬ್ಲಿಗೊನೈಟ್ ಅಂತ ಒಂದಿದೆ. ಬಿಳಿ, ನೋಡಲು ಥೇಟ್ ಫೆಲ್ಡ್‌ಸ್ಪಾರ್. ಶುದ್ಧವಾಗಿದ್ದರೆ ಅದರಲ್ಲಿ ಲಿಥಿಯಂ ನೂರಕ್ಕೆ 4.7, ಸ್ಪೊಡುಮೀನ್‌ನಲ್ಲಿ 3.7. ಕಣ್ಣನ್ನೇ ನಂಬಿಕೊಂಡವರು ಇದನ್ನು ಕಸದ ಗುಡ್ಡೆಗೆ ಎಸೆಯುತ್ತಾರೆ. ಮತ್ತದೇ ತಕ್ಕಡಿ, ಮತ್ತದೇ ಲೋಟ. ಫೆಲ್ಡ್‌ಸ್ಪಾರ್ 2.6 ಬಂದರೆ ಇದು 3ರ ಆಸುಪಾಸು ಬರುತ್ತದೆ. ಪುಡಿಯನ್ನು ಉರಿಗೆ ಹಿಡಿದರೆ ಜ್ವಾಲೆ ಕಡುಗೆಂಪಾಗುತ್ತದೆ. ಕೈಬೆವರಿನ ಉಪ್ಪು ತಾಗಿದ್ದರೆ ಮಾತ್ರ ಹಳದಿ ಬಂದು ಎಲ್ಲ ಮುಚ್ಚಿಹೋಗುತ್ತದೆ.

ಕಷ್ಟ ಇರುವುದು ಇಲ್ಲಿಂದ ಮುಂದೆ. ನಮ್ಮ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ, ಅವನಿಗೂ ಕಲ್ಲಿನ ಹುಚ್ಚು. ನ್ಯೂ ಹ್ಯಾಂಪ್‌ಶೈರ್‌ನ ಪಲೆರ್ಮೊ ಗಣಿ ಫಾಸ್ಫೇಟ್‌ಗಳಿಗೆ ಹೆಸರುವಾಸಿ. ಹಿಂದೆ ಅಲ್ಲಿ ಅಭ್ರಕ, ಫೆಲ್ಡ್‌ಸ್ಪಾರ್ ತೆಗೆಯುತ್ತಿದ್ದರು. ವಿಟ್ಲಾಕೈಟ್ ಎಂಬ ಖನಿಜವನ್ನು ಮೊದಲು ಗುರುತಿಸಿದ್ದೇ ಅಲ್ಲಿ. (ಅದೇ ವಿಟ್ಲಾಕೈಟ್ ನಮ್ಮ ಹಲ್ಲಿನ ಕಿಟ್ಟದಲ್ಲೂ ಇರುತ್ತದೆ, ಹಲ್ಲಿನ ಡಾಕ್ಟರು ದಿನಾ ಕೆರೆದು ಚೆಲ್ಲುತ್ತಾರೆ.) ಆ ಗಣಿಯ ಒಂದು ಮುಷ್ಟಿಯಷ್ಟು ಕಲ್ಲನ್ನು ಅವನು ರಜೆಗೆ ಬಂದಾಗ ತಂದು ಕೊಟ್ಟ. ಹೊರಗೆ ಕಪ್ಪು-ಕಂದು, ಕಬ್ಬಿಣದ ತುಕ್ಕಿನ ಹಾಗೆ. ಒಡೆದ ಮುಖದಲ್ಲಿ ಬೂದು ನೀಲಿ ತಿರುಳು.

ಆ ತಿರುಳು ಟ್ರಿಫಿಲೈಟ್. ಲಿಥಿಯಂ, ಕಬ್ಬಿಣ, ಫಾಸ್ಫೇಟ್. ಇವತ್ತಿನ ಎಷ್ಟೋ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿಯಲ್ಲಿ ಇರುವುದು ಇದೇ, ಫ್ಯಾಕ್ಟರಿಯಲ್ಲಿ ಮಾಡಿದ್ದು. ನೆಲದಲ್ಲಿ ನೀರು, ಗಾಳಿ ತಾಗಿದರೆ ಲಿಥಿಯಂ ನಿಧಾನಕ್ಕೆ ಹೊರಗೆ ಹೋಗುತ್ತದೆ, ಕಬ್ಬಿಣ ಆಕ್ಸಿಡೈಸ್ ಆಗುತ್ತದೆ, ಕಲ್ಲು ನೇರಳೆ ಬಣ್ಣದ ಹೆಟೆರೊಸೈಟ್ ಆಗುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ನಡೆಯುವುದೂ ಇದೇ ಕೆಲಸ. ಸ್ವೀಡನ್‌ನ ಭೂವಿಜ್ಞಾನಿ ಕ್ವೆನ್ಸೆಲ್ ಇದನ್ನು ಕಲ್ಲಿನಲ್ಲಿ ಓದಿದ್ದು ಬ್ಯಾಟರಿಗಿಂತ ಎಷ್ಟೋ ದಶಕ ಮೊದಲು.

ನೇರಳೆ ಅಂದೆನಲ್ಲ, ಅದರಲ್ಲೂ ನಾನು ಒಮ್ಮೆ ಮೋಸಹೋಗಿದ್ದೇನೆ. ಒಂದು ಮೇಳದಲ್ಲಿ ಝಗಮಗ ನೇರಳೆ ಹೆಟೆರೊಸೈಟ್ ಕೊಂಡೆ. ಆಮೇಲೆ ಗೊತ್ತಾಯಿತು, ಕಂದು ಪದರವನ್ನು ಆಸಿಡ್‌ನಲ್ಲಿ ತೊಳೆದು ತೆಗೆದಿದ್ದರು. ಖನಿಜ ಅಸಲಿಯೇ, ಆದರೆ ಗಣಿಯಿಂದ ಬಂದ ರೂಪ ಅದಲ್ಲ. ಮಾರಿದವರು ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಅಕ್ಕನ ಮಗನ ಕಲ್ಲಿನ ಸಂದಿಗಳಲ್ಲಿ ಲೆನ್ಸ್ ಇಟ್ಟು ನೋಡಿದರೆ ಹುಲ್ಲಿನ ಬಣ್ಣದ ಕೂದಲಿನಂಥ ಎಳೆಗಳು, ಕಡುಹಸಿರು ಉಂಡೆಗಳು, ಒಂದು ಕಡೆ ನೀಲಿ ಚುಕ್ಕೆ. ಅಪರೂಪದವು ಇರುವುದು ಇಂಥ ಕಡೆಯೇ, ಸಾಸಿವೆಗಿಂತ ಚಿಕ್ಕದಾಗಿ. ನೀಲಿ ಚುಕ್ಕೆ ವಿವಿಯನೈಟ್ ಇರಬೇಕು. ಅದು ಹೊಸದಾಗಿ ಒಡೆದಾಗ ಹೆಚ್ಚುಕಡಿಮೆ ಬಣ್ಣವಿಲ್ಲದ್ದು, ಬೆಳಕು ಕಂಡಷ್ಟೂ ನೀಲಿಗಟ್ಟುತ್ತದೆ. ಡಬ್ಬಿಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟೆ. ಉಳಿದವಕ್ಕೆ ಕಣ್ಣಳತೆಯಲ್ಲಿ ಹೆಸರು ಹೇಳುವುದು ಸುಳ್ಳು ಹೇಳಿದಂತೆ. ಕಬ್ಬಿಣ-ಮ್ಯಾಂಗನೀಸ್ ಫಾಸ್ಫೇಟ್‌ಗಳಲ್ಲಿ ಹತ್ತಾರು ಒಂದೇ ಮುಖದವು.

ಫಾಸ್ಫೇಟ್ ಹೌದೋ ಅಲ್ಲವೋ ಎಂದು ತಿಳಿಯಲು ಕಾಲೇಜಿನ ಲ್ಯಾಬ್ ಸಾಕು. ಚಿಟಿಕೆ ಪುಡಿಯನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಅಮೋನಿಯಂ ಮಾಲಿಬ್ಡೇಟ್ ಹಾಕಿ ಸ್ವಲ್ಪ ಬೆಚ್ಚಗೆ ಮಾಡಿದರೆ ಹಳದಿ ಗಷ್ಟು ಇಳಿಯುತ್ತದೆ. ಮನೆಯಲ್ಲಿ ಮಾತ್ರ ಬೇಡ. ಅಂಬ್ಲಿಗೊನೈಟ್ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಹಳದಿ ಬರಲಿಲ್ಲ ಅಂತ ಅದನ್ನು ತಳ್ಳಿಹಾಕಬೇಡಿ. ಯಾವ ಫಾಸ್ಫೇಟ್ ಎಂದು ಹೇಳಲು ಹರಳಿನ ಒಳರಚನೆ ತೋರಿಸುವ ಎಕ್ಸ್‌ರೇ ಡಿಫ್ರಾಕ್ಷನ್ ಬೇಕು, ಇಲ್ಲವೇ ಲೇಸರ್ ಬೆಳಕು ಬಿಟ್ಟು ನೋಡುವ ರಾಮನ್ ಪರೀಕ್ಷೆ. ಕಲ್ಲಿನಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಎಲೆಕ್ಟ್ರಾನ್ ಪ್ರೋಬ್ ಯಂತ್ರದ ರಿಪೋರ್ಟ್ ಹಿಡಿದುಕೊಂಡು "ಲಿಥಿಯಂ ಇಲ್ಲವಂತೆ ಸರ್" ಅನ್ನುವವರೂ ಬರುತ್ತಾರೆ. ಆ ಯಂತ್ರಕ್ಕೆ ಸಾಮಾನ್ಯವಾಗಿ ಲಿಥಿಯಂ ಕಾಣುವುದೇ ಇಲ್ಲ, ಅಷ್ಟು ಹಗುರ ಅದು.

ಇನ್ನೊಂದು ಮಾತು. ಕೆಂಪು-ಕಂದು ಬಣ್ಣ, ಸಣ್ಣ ಹರಳು, ಗಾತ್ರಕ್ಕೆ ಮೀರಿದ ಭಾರ ಇದ್ದರೆ ಮೊನಜೈಟ್ ಇರಬಹುದು. ಅದೂ ಫಾಸ್ಫೇಟೇ, ಆದರೆ ಥೋರಿಯಂ ಇರುವುದರಿಂದ ವಿಕಿರಣ ಸೂಸುತ್ತದೆ. ಷೋಕೇಸಿಗೆ ಅಲ್ಲ ಅದು.

ಹುಡುಗನಿಗೆ ಚೀಟಿ ಬರೆದುಕೊಟ್ಟೆ: ಅಪಟೈಟ್, ಊರು, ಹೊಲ, ತಾರೀಕು. ಊರಿನ ಹೆಸರಿಲ್ಲದ ಕಲ್ಲು ನನಗೆ ಅರ್ಧ ಕಲ್ಲು. ಅಕ್ಕನ ಮಗನ ಡಬ್ಬಿಗೆ: "ಟ್ರಿಫಿಲೈಟ್, ಪಲೆರ್ಮೊ. ಸಂದಿಯಲ್ಲಿ ಕಬ್ಬಿಣದ ಫಾಸ್ಫೇಟ್‌ಗಳು, ಹೆಸರು?" ಅದರ ಫೋಟೋ ಕಳಿಸಿದೆ. ಫೋನ್ ಮಾಡಿದ.

"ಮಾಮಾ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆನಾ?"

"ಎಕ್ಸ್‌ರೇ ದುಡ್ಡು ನೀನು ಕೊಡ್ತೀಯಾ?" ಅಂದೆ.